ಕಣ್ಣಿನ ಚಲನೆಯೇ ಅಂಕಪಟ್ಟಿಯಾದರೆ

ಪ್ರಶ್ನೆಪತ್ರಿಕೆಯಿಲ್ಲದೆ, ಉತ್ತರ ಬರೆಸದೆ, ಕೇವಲ ಕಣ್ಣುಗಳ ಚಲನೆಯಿಂದ ಒಬ್ಬರ ಭಾಷಾಜ್ಞಾನವನ್ನು ಅಳೆಯಲು ಸಾಧ್ಯವೆ? ಸಾಧ್ಯವೆಂದು ಅಮೆರಿಕದ ಎಂಐಟಿ ಸಂಶೋಧಕರು 2018ರಲ್ಲಿ ಪ್ರತಿಪಾದಿಸಿದರು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತವರಿಗೆ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ವಾಕ್ಯಗಳನ್ನು ಪರದೆಯ ಮೇಲೆ ಓದಿಸಿ, ನೋಟವು ಯಾವ ಪದದ ಮೇಲೆ ಎಷ್ಟು ಹೊತ್ತು ನಿಂತಿತು, ಎಲ್ಲಿ ಹಿಂದಕ್ಕೆ ಹೊರಳಿತು ಎಂಬುದನ್ನು ಅವರು ದಾಖಲಿಸಿದರು. ಇಂಗ್ಲಿಷ್ ಮಾತೃಭಾಷಿಕರ ಓದನ್ನು ಆ ದಾಖಲೆ ಎಷ್ಟು ಹೋಲುತ್ತದೆಯೋ ಅಷ್ಟು ಅಂಕ. ಟೋಫೆಲ್‌ನಂಥ ಪರೀಕ್ಷೆಗಳ ಫಲಿತಾಂಶದೊಂದಿಗೆ ಈ ಅಂಕಗಳಿಗೆ ಸಂಬಂಧ ಕಂಡುಬಂದಿತು.

ಇದರ ಹಿಂದಿನ ವಿಜ್ಞಾನ ಹಳೆಯದು. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಕುಪ್ಪಳಿಸುತ್ತದೆ. ಪ್ರತಿ ನಿಲುಗಡೆ ಸುಮಾರು ಕಾಲು ಸೆಕೆಂಡ್. ಅಪರಿಚಿತ ಪದ ಎದುರಾದರೆ ಇನ್ನಷ್ಟು. ಓದಿನ ತೊಡಕಿರುವ ಮಕ್ಕಳನ್ನು ಬೇಗ ಗುರುತಿಸಲು ಇದು ನೆರವಾಗಬಲ್ಲದು. ಸ್ವೀಡನ್‌ನಲ್ಲಿ 185 ಮಕ್ಕಳ ದಾಖಲೆಗಳನ್ನು ವಿಶ್ಲೇಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವು ಶೇ 95ರಷ್ಟು ನಿಖರತೆ ಸಾಧಿಸಿತ್ತು. ಅಲ್ಲಿ ಉದ್ದೇಶ ನೆರವು. ಅದಕ್ಕೆ ನನ್ನ ತಕರಾರಿಲ್ಲ.

ವಿಶ್ವವಿದ್ಯಾಲಯ ಪ್ರವೇಶ, ವೀಸಾ, ಉದ್ಯೋಗಗಳಿಗೆ ಇದೇ ಮಾನದಂಡವಾಗುವುದಾದರೆ ಮಾತು ಬೇರೆ. ಎಂಐಟಿ ಪ್ರಯೋಗದ ಕಲಿಕಾರ್ಥಿಗಳು ಚೀನಿ, ಜಪಾನಿ, ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷಿಕರು. ಭಾರತೀಯ ಭಾಷೆ ಒಂದೂ ಇರಲಿಲ್ಲ. ಒತ್ತಕ್ಷರಗಳನ್ನು ಸಾಲಿನ ಕೆಳಗಿಡುವ, ಪ್ರತ್ಯಯಗಳನ್ನು ಪದಕ್ಕೇ ಅಂಟಿಸುವ ಕನ್ನಡದಲ್ಲಿ ಓದು ಕಲಿತವನ ಕಣ್ಣು ಇಂಗ್ಲಿಷ್ ಸಾಲಿನಲ್ಲಿ ಬೇರೆ ರೀತಿಯಲ್ಲಿ ನಡೆದರೆ ಅದನ್ನು ಅಜ್ಞಾನವೆನ್ನಬಹುದೆ? ನಿಧಾನವೂ ದೋಷವಲ್ಲ. ಟೆಂಡರ್ ಕಡತದ ಒಂದೇ ಷರತ್ತನ್ನು ಮೂರು ಬಾರಿ ಓದುತ್ತಿದ್ದ ಅಧಿಕಾರಿಗಳೇ ಸರ್ಕಾರದ ಹಣ ಉಳಿಸಿದ್ದನ್ನು ಸೇವೆಯಲ್ಲಿದ್ದಾಗ ನಾನು ಕಂಡಿದ್ದೇನೆ. ಈ ಯಂತ್ರದ ಮುಂದೆ ಅವರಿಗೆ ಕಡಿಮೆ ಅಂಕ ಬಂದರೂ ಆಶ್ಚರ್ಯವಿಲ್ಲ! (ಕಣ್ಣು ಕುಪ್ಪಳಿಸುವುದಕ್ಕೂ ನಮ್ಮ ಕೋಚಿಂಗ್ ಕೇಂದ್ರಗಳು ತರಬೇತಿ ಆರಂಭಿಸಿಯಾವು.)

ಎಲ್ಲಕ್ಕಿಂತ ಮುಖ್ಯವಾದುದು ಮೇಲ್ಮನವಿಯ ಪ್ರಶ್ನೆ. ಬರೆದ ಉತ್ತರಕ್ಕೆ ಮರುಮೌಲ್ಯಮಾಪನ ಕೇಳಬಹುದು, ಪ್ರಶ್ನೆಯೇ ತಪ್ಪೆಂದು ನ್ಯಾಯಾಲಯದಲ್ಲಿ ವಾದಿಸಬಹುದು. ತನ್ನ ಕಣ್ಣು ಮೂರನೆಯ ಪದದ ಮೇಲೆ ತುಸು ಹೆಚ್ಚು ನಿಂತಿತೆಂಬ ಕಾರಣಕ್ಕೆ ಅನುತ್ತೀರ್ಣನಾದವನು ಯಾವ ಆಧಾರದ ಮೇಲೆ ಅರ್ಜಿ ಹಾಕಬೇಕು? ಪರೀಕ್ಷೆ ನಡೆಸುವ ಸಂಸ್ಥೆಗೆ ಪ್ರಶ್ನೆ ರೂಪಿಸುವ, ಉತ್ತರ ತಿದ್ದುವ ವೆಚ್ಚ ಉಳಿಯುತ್ತದೆ. ತಪ್ಪಿನ ವೆಚ್ಚವನ್ನು ಅಭ್ಯರ್ಥಿ ಭರಿಸುತ್ತಾನೆ. ಆದ್ದರಿಂದ ಪ್ರವೇಶ ಅಥವಾ ನೇಮಕಾತಿಯನ್ನು ನಿರಾಕರಿಸಲು ಕಣ್ಣಿನ ದಾಖಲೆಯೊಂದೇ ಆಧಾರವಾಗಕೂಡದು. ಅಭ್ಯರ್ಥಿ ತಾನೇ ಬರೆದ ಅಥವಾ ಹೇಳಿದ ಉತ್ತರವೂ ಕಡತದಲ್ಲಿರಬೇಕು.