ನರಶೂಲೆಗೆ ಗಾಂಜಾ: ಚಿಲುಮೆಯೋ, ಅಳತೆಯ ಮದ್ದೋ?

ಮಧುಮೇಹದಿಂದ ಅಂಗಾಲು ಉರಿಯತೊಡಗಿ, ಹೊದಿಕೆಯ ಸೆರಗು ಸೋಕಿದರೂ ತಾಳಲಾರದೆ ರಾತ್ರಿಯನ್ನು ಕುಳಿತೇ ಕಳೆಯುವ ರೋಗಿಗಳು ರಾಯಚೂರಿನ ಓಣಿಗಳಲ್ಲಿಯೂ ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿಯೂ ಇರುವರೆಂಬುದನ್ನು ನಮ್ಮ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇಂಥವರ ಕಿವಿಗೆ ಗಾಂಜಾ ಈ ಶೂಲೆಗೆ ಮದ್ದೆಂಬ ಮಾತು ಈಚೆಗೆ ಬೀಳುತ್ತಿರುವುದು. ಒಬ್ಬನು ಚಿಲುಮೆಯನ್ನು ಹೊಗಳುವನು. ಇನ್ನೊಬ್ಬನು ಭಂಗಿಯ ಉಂಡೆಯನ್ನು. ಮತ್ತೊಬ್ಬನು ಅಂಚೆಯಲ್ಲಿ ಬರುವ ಎಣ್ಣೆಯ ಸೀಸೆಯನ್ನು. ನೊಂದವನು ಯಾವುದನ್ನು ನಂಬಬೇಕು?

ಈ ಗಿಡವು ನಮ್ಮ ನಾಡಿಗೆ ಅಪರಿಚಿತವಾದುದಲ್ಲ. ನಮ್ಮ ವೈದ್ಯಗ್ರಂಥಗಳಲ್ಲಿ ಇದಕ್ಕೆ ವಿಜಯಾ ಎಂಬ ಹೆಸರುಂಟು. ಕೃಷ್ಣೆಯ ದಡದ ತಿಂಥಿಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವುದು 2020ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ವರದಿಯಾಯಿತು. ಭಕ್ತರ ಆಚಾರದಲ್ಲಿ ನಾವು ಕೈಹಾಕಲೊಲ್ಲೆವು. ಆದರೆ ಪ್ರಸಾದ ಬೇರೆ, ಔಷಧ ಬೇರೆ. ಪ್ರಸಾದಕ್ಕೆ ತೂಕದ ಹಂಗಿಲ್ಲ. ಔಷಧಕ್ಕಾದರೋ ತೂಕವೇ ಪ್ರಾಣ. 1839ರಲ್ಲಿ ಕಲಕತ್ತೆಯ ವೈದ್ಯ ಓಶಾಗ್ನೆಸಿ ಎಂಬವನು ಈ ಗಿಡದ ಸಾರವನ್ನು ಸಂಧಿವಾತ, ಧನುರ್ವಾಯುಗಳಿಗೆ ಕೊಟ್ಟು ಯೂರೋಪಿಗೆ ಪರಿಚಯಿಸಿದನಷ್ಟೆ. ಆ ಸಾರದ ಬಲ ಒಂದು ಸೀಸೆಯಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿದ್ದುದೇ ಅದು ಮುಂದೆ ಮೂಲೆಗುಂಪಾಗಲು ಮುಖ್ಯ ಕಾರಣಗಳಲ್ಲೊಂದಾಯಿತು.

ಈಗ ಸೇವನೆಯ ಮಾರ್ಗಗಳನ್ನು ನೋಡೋಣ. ಹೊಗೆಯಾಗಿ ಎಳೆದರೆ ಮದ್ದು ಕೆಲವೇ ನಿಮಿಷಗಳಲ್ಲಿ ತಲೆಗೇರುವುದು. ಎರಡರಿಂದ ನಾಲ್ಕು ಗಂಟೆಗಳಲ್ಲಿ ಇಳಿದುಹೋಗುವುದು. ಥಟ್ಟನೆ ಚುಚ್ಚುವ ನೋವಿಗೆ ಇದು ಅನುಕೂಲವೆಂದು ತೋರಬಹುದು. ಆದರೆ ಸುಟ್ಟ ಸೊಪ್ಪಿನ ಹೊಗೆ ಸುಟ್ಟ ಸೊಪ್ಪಿನ ಹೊಗೆಯೇ. ಚಿಲುಮೆಯಲ್ಲಿ ತಂಬಾಕನ್ನು ಬೆರೆಸಿದರೆ ಕೇಡು ಇಮ್ಮಡಿಯಾಗುವುದು. ಮಧುಮೇಹಿಯ ರಕ್ತನಾಳಗಳು ಮೊದಲೇ ಸೊರಗಿರುವಾಗ ಕಾಲುರಿಗೆಂದು ಎದೆಯನ್ನು ಒತ್ತೆಯಿಡುವುದು ಯಾವ ಲೆಕ್ಕಾಚಾರ? ಪರದೇಶಗಳಲ್ಲಿ ಸುಡದೆ ಕಾಯಿಸಿ ಆವಿಯನ್ನೆಳೆಯುವ ಯಂತ್ರಗಳುಂಟು. ಅವುಗಳಿಂದ ಹೊಗೆಯ ವಿಷ ಕಡಿಮೆ; ಅಮಲು ಕಡಿಮೆಯಲ್ಲ.

ನುಂಗುವ ಮಾರ್ಗ ಬೇರೆ. ಉಂಡೆಯಾಗಲಿ, ಎಣ್ಣೆಯಾಗಲಿ, ಗುಳಿಗೆಯಾಗಲಿ, ಹೊಟ್ಟೆಗಿಳಿದ ಮದ್ದು ಫಲ ತೋರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುವುದು. ತೋರಿದ ಮೇಲೆ ಆರೆಂಟು ಗಂಟೆ ನಿಲ್ಲುವುದು. ರಾತ್ರಿಯೆಲ್ಲ ಉರಿಯುವ ಕಾಲಿಗೆ ಇದು ಹೆಚ್ಚು ಒಪ್ಪುವ ಗುಣ. ಅಪಾಯವಿರುವುದೂ ಇಲ್ಲಿಯೇ. ಹೊಟ್ಟೆಯಿಂದ ಹೋದ ಟಿ.ಎಚ್.ಸಿ. ಎಂಬ ಅಮಲಿನ ಸತ್ವವು ಯಕೃತ್ತಿನಲ್ಲಿ ಮಾರ್ಪಟ್ಟು ಇನ್ನೂ ಬಲಶಾಲಿಯಾದ ರೂಪ ತಾಳುವುದು. ಅದರ ಬಹುಭಾಗ ರಕ್ತಕ್ಕೆ ಸೇರುವ ಮುನ್ನವೇ ಕಳೆದುಹೋಗುವುದಾದ್ದರಿಂದ ಇಂದು ಸಾಲದೆನಿಸಿದ ಪ್ರಮಾಣವು ನಾಳೆ ಮಿತಿಮೀರಬಹುದು. ಒಂದು ಗಂಟೆ ಕಾದು, ಏನೂ ಆಗಲಿಲ್ಲವೆಂದು ಎರಡನೆಯ ಉಂಡೆಯನ್ನು ಬಾಯಿಗೆ ಹಾಕಿಕೊಂಡ ಮುದುಕನು ನಡುರಾತ್ರಿ ಎದ್ದು ತಲೆತಿರುಗಿ ಬಿದ್ದು ತೊಡೆಯೆಲುಬು ಮುರಿದುಕೊಂಡರೆ, ಆ ಉಂಡೆ ಯಾವ ಮದ್ದು? ಬಾಯೊಳಗೆ ಸಿಂಪಡಿಸುವ ನಬಿಕ್ಸಿಮಾಲ್ಸ್ ಎಂಬ ಔಷಧದಲ್ಲಿ ಒಂದೊಂದು ಸಿಂಚನಕ್ಕೆ 2.7 ಮಿಲಿಗ್ರಾಂ ಟಿ.ಎಚ್.ಸಿ., 2.5 ಮಿಲಿಗ್ರಾಂ ಸಿ.ಬಿ.ಡಿ. ಎಂದು ಅಳತೆ ಕಟ್ಟಿದೆ. ಮಾರ್ಗಗಳೆಲ್ಲದರಲ್ಲಿ ಇದನ್ನೇ ಔಷಧದ ಹೆಸರಿಗೆ ಹತ್ತಿರವಾದುದೆಂದು ನಾವು ಎಣಿಸುತ್ತೇವೆ. ಮೇಲೆ ಹಚ್ಚುವ ಮುಲಾಮುಗಳ ವಿಷಯದಲ್ಲಿ ಪ್ರಮಾಣಕ್ಕಿಂತ ಪ್ರಚಾರವೇ ಹೆಚ್ಚು.

ಇಷ್ಟಾಗಿ ಫಲವೆಷ್ಟು? 2018ರಲ್ಲಿ ಕಾಕ್ರೇನ್ ಸಂಸ್ಥೆಯವರು 16 ಪ್ರಯೋಗಗಳನ್ನೂ 1750 ರೋಗಿಗಳನ್ನೂ ಒಟ್ಟಿಗೆ ತೂಗಿ ನೋಡಿದರು. ನೋವು ಅರ್ಧಕ್ಕಿಳಿದವರು ಗಾಂಜಾಮೂಲದ ಮದ್ದು ಪಡೆದವರಲ್ಲಿ ನೂರಕ್ಕೆ 21. ಹುಸಿಮದ್ದು ಪಡೆದವರಲ್ಲಿ 17. ಉಪದ್ರವದಿಂದ ಮದ್ದು ಬಿಟ್ಟವರು ಕ್ರಮವಾಗಿ 10 ಮತ್ತು 5. ಲಾಭವು ಇಲ್ಲವೆನ್ನಲಾಗದು, ಪವಾಡವೆನ್ನುವವನು ಮಾತ್ರ ವ್ಯಾಪಾರಿಯೇ ಸರಿ. ಅಮಿಟ್ರಿಪ್ಟಿಲಿನ್, ಡುಲೋಕ್ಸಿಟಿನ್, ಗ್ಯಾಬಾಪೆಂಟಿನ್ ಮೊದಲಾದ ಮದ್ದುಗಳನ್ನು ವೈದ್ಯರ ಕೈಯಲ್ಲಿ ಸರಿಯಾಗಿ ಪರೀಕ್ಷಿಸದೆ, ಸಕ್ಕರೆಯನ್ನು ಹಿಡಿತಕ್ಕೆ ತಾರದೆ, ನೇರವಾಗಿ ಗಾಂಜಾಕ್ಕೆ ಹಾರುವುದು ಬಾಗಿಲಿರಲು ಗೋಡೆ ಹಾರಿದಂತೆ.

ಕಾಯಿದೆಯ ಮಾತು. 1985ರ ಮಾದಕವಸ್ತು ಶಾಸನವು ಗಿಡದ ಹೂವಿನ ತೆನೆಯನ್ನು ಗಾಂಜಾ ಎನ್ನುವುದು. ತೆನೆಯಿಲ್ಲದ ಎಲೆ, ಬೀಜಗಳನ್ನು ಆ ವ್ಯಾಖ್ಯೆಯಿಂದ ಬಿಟ್ಟಿರುವುದು. ಎಣ್ಣೆ ಮಾರುವವರು ನಡೆಯುವುದು ಈ ಸಂದಿಯಲ್ಲಿಯೇ. ತೊಗರಿ, ಹತ್ತಿಯ ಸಾಲಿನ ನಡುವೆ ನಾಲ್ಕು ಗಿಡ ಬೆಳೆದ ಒಕ್ಕಲಿಗನಿಗೆ ಹತ್ತು ವರುಷದವರೆಗೆ ಕಠಿಣ ಸಜೆಯಾಗಬಹುದು; ಸೀಸೆಯ ಮೇಲೆ ಸತ್ವದ ಅಳತೆಯನ್ನು ಸ್ಪಷ್ಟವಾಗಿ ಬರೆಯದ ವ್ಯಾಪಾರಿಯನ್ನು ಕೇಳುವವರಾರು? ಅದೇ ಶಾಸನವು ವೈದ್ಯಕೀಯ ಮತ್ತು ವೈಜ್ಞಾನಿಕ ಉಪಯೋಗಕ್ಕೆ ಎಡೆಯಿಟ್ಟಿದೆ. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು ಈ ಗಿಡವನ್ನು ಅತಿ ಕಠೋರ ಪಟ್ಟಿಯಿಂದ ತೆಗೆದಾಗ ಭಾರತವೂ ಅದರ ಪರವಾಗಿ ಮತ ಕೊಟ್ಟಿತು. ಅಲ್ಲಿ ಎತ್ತಿದ ಕೈಯನ್ನು ಇಲ್ಲಿ ಮಡಿಚಿಕೊಂಡು ಕೂಡುವುದು ಸರಕಾರಕ್ಕೆ ಶೋಭಿಸದು.

ಆದುದರಿಂದ ನಾವು ಅಧಿಕಾರಿಗಳನ್ನು ಕೇಳುವುದಿಷ್ಟು. ದೇವದುರ್ಗ, ಮಾನ್ವಿಗಳ ತಾಲ್ಲೂಕು ದವಾಖಾನೆಗಳಲ್ಲಿ ಮಧುಮೇಹಿಗಳ ಪಾದಪರೀಕ್ಷೆ ತಪ್ಪದೆ ನಡೆಯಲಿ. ನರಶೂಲೆಯ ಅಗ್ಗದ ಮದ್ದುಗಳು ಅಲ್ಲಿಯೇ ದೊರೆಯಲಿ. ರಾಯಚೂರಿನ ರಿಮ್ಸ್‌ನಲ್ಲಿ ವಾರಕ್ಕೊಂದು ದಿನವನ್ನು ಈ ನೋವಿಗೆಂದೇ ಮೀಸಲಿಡಲಿ. ಅಲ್ಲಿ ಯಾವ ಮದ್ದಿಗೂ ಬಗ್ಗದ ರೋಗಿಗೆ ಅಳತೆಯ ಗಾಂಜಾಮೂಲದ ಔಷಧವನ್ನು ವೈದ್ಯರ ಕಣ್ಣೆದುರು ಕೊಟ್ಟು ನೋಡಲು ಶಾಸನಬದ್ಧವಾದ ಅಪ್ಪಣೆಯನ್ನು ಬೇಡಲಿ. ಔಷಧ ನಿಯಂತ್ರಣದವರು ಮಾರುಕಟ್ಟೆಯ ಎಣ್ಣೆಗಳನ್ನು ತರಿಸಿ ಪರೀಕ್ಷಿಸಿ ಒಂದೊಂದರ ಸತ್ವವೆಷ್ಟೆಂದು ಪ್ರಕಟಿಸಲಿ. ಆ ಪಟ್ಟಿಯನ್ನು ಕಾಸು ಕೇಳದೆ ಈ ಪುಟದಲ್ಲಿಯೇ ಅಚ್ಚಿಸಲು ನಾವು ಸಿದ್ಧರಿದ್ದೇವೆ.