ಹಂಚುವ ಕೈಗೂ ಹಸಿವುಂಟು

"ನೀವು ಕೊಡುವ ಪ್ರತಿಯೊಂದು ರೂಪಾಯಿಯೂ ನೇರವಾಗಿ ಬಡವರಿಗೇ ಸೇರುತ್ತದೆ. ಕಚೇರಿಯ ಖರ್ಚಿಗೆ ಒಂದು ಪೈಸೆಯನ್ನೂ ಬಳಸುವುದಿಲ್ಲ." ರಮಝಾನ್ ಹತ್ತಿರವಾದಂತೆ ಇಂತಹ ಸಾಲುಗಳು ಕರಪತ್ರಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ, ಮಸೀದಿಯ ಸೂಚನಾ ಫಲಕಗಳಲ್ಲಿ ಕಾಣಿಸಿಕೊಳ್ಳುತ್ತವೆ. ಓದಿದವರಿಗೆ ಸಮಾಧಾನವಾಗುತ್ತದೆ. ನಮ್ಮ ಹಣ ಯಾರದೋ ಸಂಬಳಕ್ಕೆ ಹೋಗಲಿಲ್ಲವಲ್ಲ ಎಂಬ ಸಮಾಧಾನವದು. ಆದರೆ ಅಕ್ಕಿಯ ಚೀಲ ತಾನಾಗಿ ನಡೆದು ವಿಧವೆಯ ಮನೆಬಾಗಿಲಿಗೆ ಬರುವುದಿಲ್ಲ. ಯಾವ ಓಣಿಯಲ್ಲಿ ಯಾರ ಮನೆಯ ಒಲೆ ಹೊತ್ತಿಲ್ಲ ಎಂದು ತಿಳಿದುಕೊಂಡವನು, ಪಟ್ಟಿ ಬರೆದವನು, ರಶೀದಿ ಹರಿದವನು, ಟಂಟಂ ಗಾಡಿಯಲ್ಲಿ ಚೀಲಗಳ ಮೇಲೆ ಕುಳಿತು ಹೋದವನು ಒಬ್ಬನಿರುತ್ತಾನೆ. ಅವನಿಗೂ ಹೆಂಡತಿ ಮಕ್ಕಳಿರುತ್ತಾರೆ, ಮನೆ ಬಾಡಿಗೆ ಇರುತ್ತದೆ. ಅವನಿಗೆ ಏನನ್ನೂ ಕೊಡಲಿಲ್ಲ ಎಂಬುದೇ ನಮ್ಮ ಜಾಹೀರಾತಾದರೆ, ಅದು ಹೆಮ್ಮೆಪಡುವ ಸಂಗತಿಯೇ?

ನೆರವು ನೀಡುವ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಅದರ ಕೇಂದ್ರ ಕಚೇರಿ ದೆಹಲಿಯಲ್ಲಿರಲಿ ಅಥವಾ ಲಂಡನ್ನಿನಲ್ಲಿರಲಿ, ಅದು ಜನರಿಗೆ ಕಾಣಿಸಿಕೊಳ್ಳುವುದು ತಾಲೂಕಿನ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತ ಮೂರ್ನಾಲ್ಕು ಮಂದಿಯ ಮುಖಾಂತರವೇ. ದಾನಿಗೆ ಅವರ ಪರಿಚಯವಿಲ್ಲ. ವಾರ್ಷಿಕ ವರದಿಯಲ್ಲಿ ಅವರ ಚಿತ್ರವಿರುವುದಿಲ್ಲ. ನೆರವು ಪಡೆದವರಿಗೆ ಮಾತ್ರ ಸಂಸ್ಥೆಯ ಹೆಸರಿಗಿಂತ ಅವರ ಹೆಸರೇ ನೆನಪಿರುತ್ತದೆ. ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿ ಮತ್ತು ಅದರ ಸುತ್ತಮುತ್ತ ನಡೆದಿರುವ ಕೆಲಸ ಇದಕ್ಕೆ ಸಾಕ್ಷಿ.

ಯಲ್ಲಮ್ಮನ ಗುಡ್ಡದ ಮಗ್ಗುಲಲ್ಲೇ ಇರುವ ಊರು ಉಗರಗೋಳ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಲಕ್ಷಾಂತರ ಜನ ಈ ದಾರಿ ತುಳಿಯುತ್ತಾರೆ. ಭಕ್ತರ ಶ್ರದ್ಧೆಯ ಬಗ್ಗೆ ಇಲ್ಲಿ ಮಾತಿಲ್ಲ. ಆ ಶ್ರದ್ಧೆಯ ಹೆಸರಿನಲ್ಲಿ ಬಡ ದಲಿತ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ಅವರನ್ನು ಮದುವೆಯ ಹಕ್ಕಿನಿಂದಲೇ ಹೊರಗಿಟ್ಟ ಪದ್ಧತಿಯ ಬಗ್ಗೆ ಮಾತು. ಅದನ್ನು ತಡೆಯಲು ಕರ್ನಾಟಕದಲ್ಲಿ 1982ರಲ್ಲೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ರೂಪುಗೊಂಡಿತು. ಆದರೆ ಕಾಯ್ದೆಗೆ ಕಾಲಿಲ್ಲ. ಯಾವ ಮನೆಯಲ್ಲಿ ಯಾವ ಮಗುವಿಗೆ ಮುತ್ತು ಕಟ್ಟುವ ಮಾತು ನಡೆದಿದೆ ಎಂಬುದು ವಿಧಾನಸೌಧಕ್ಕೆ ಕೇಳಿಸುವುದಿಲ್ಲ. ಅದು ಪಕ್ಕದ ಮನೆಯ ಹೆಂಗಸಿಗೆ ಕೇಳಿಸುತ್ತದೆ.

ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1990ರ ದಶಕದ ಆರಂಭದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಜೊತೆಗೂಡಿ ಬೆಳಗಾವಿ ಜಿಲ್ಲೆಯಲ್ಲಿ ಈ ಮಹಿಳೆಯರ ನಡುವೆ ಕೆಲಸ ಆರಂಭಿಸಿತು. ಆ ಕೆಲಸದೊಳಗಿನಿಂದಲೇ 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಅಂದರೆ ಜನ 'ಮಾಸ್' ಎಂದು ಕರೆಯುವ ಸಂಸ್ಥೆ, ರೂಪುಗೊಂಡಿತು. ಇದರ ವಿಶೇಷವೆಂದರೆ, ಯಾರಿಗೆ ನೆರವು ಕೊಡಬೇಕೆಂದು ಯೋಜನೆ ಬರೆಯಲಾಗಿತ್ತೋ ಆ ಮಹಿಳೆಯರೇ ಅದರ ಸಿಬ್ಬಂದಿಯಾದರು. ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಮುಂದೆ ಆ ಸಂಸ್ಥೆಯ ಮುಖ್ಯಸ್ಥೆಯಾದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಬಂದಾಗ ಪತ್ರಿಕೆಗಳು ಬರೆದವು, ಸನ್ಮಾನಗಳು ನಡೆದವು. ಅದಕ್ಕೆ ಮೊದಲಿನ ವರ್ಷಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಬಸ್ಸು ಹತ್ತಿ, ಬೈಗುಳ ತಿಂದು, ತಾಯಂದಿರ ಮನವೊಲಿಸಿದ ಅನೇಕ ಕಾರ್ಯಕರ್ತೆಯರ ಹೆಸರುಗಳು ಎಲ್ಲಿಯೂ ಅಚ್ಚಾಗಲಿಲ್ಲ.

ಇನ್ನೊಂದು ಉದಾಹರಣೆಯಲ್ಲಿ ಹಣ ನೇರವಾಗಿ ಹೊರದೇಶದ್ದು. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನ 2003ರಲ್ಲಿ 'ಆವಾಹನ್' ಎಂಬ ಎಚ್‌ಐವಿ ತಡೆ ಯೋಜನೆಯನ್ನು ಭಾರತದ 6 ರಾಜ್ಯಗಳಲ್ಲಿ ಆರಂಭಿಸಿತು. ಬೆಳಗಾವಿ ಜಿಲ್ಲೆಯೂ ಅದರಲ್ಲಿತ್ತು. ಯೋಜನೆಯ ಕಾಗದಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅದನ್ನು ಓಣಿಗೆ ಕೊಂಡೊಯ್ದವರು ಅದೇ ಓಣಿಯ ಮಹಿಳೆಯರು, ಅವರಲ್ಲಿ ಅನೇಕರಿಗೆ ಅಕ್ಷರ ಬಾರದು. ಅವರಿಗಾಗಿ ಚಿತ್ರಗಳಿದ್ದ ಹಾಳೆಗಳನ್ನು ಸಿದ್ಧಪಡಿಸಲಾಯಿತು. ಯಾರನ್ನು ಭೇಟಿಯಾದೆ, ಯಾರು ಆಸ್ಪತ್ರೆಗೆ ಹೋಗಲಿಲ್ಲ ಎಂಬುದನ್ನು ಅವರು ಚಿತ್ರಗಳಲ್ಲೇ ಗುರುತು ಹಾಕಿ ಲೆಕ್ಕ ಇಟ್ಟರು. ಸುಮಾರು ಹತ್ತು ವರ್ಷಗಳಲ್ಲಿ ಯೋಜನೆ ಹಂತಹಂತವಾಗಿ ಸರ್ಕಾರದ ಕೈಗೆ ಹೋಯಿತು. ಹಣ ಕೊಟ್ಟವರು ಮುಂದಿನ ಕೆಲಸಕ್ಕೆ ತೆರಳಿದರು. ಓಣಿಯ ಮಹಿಳೆಯರು ಓಣಿಯಲ್ಲೇ ಉಳಿದರು. ಯೋಜನೆಗೆ ಕೊನೆಯ ದಿನವಿರುತ್ತದೆ, ನೆರೆಹೊರೆಗೆ ಇರುವುದಿಲ್ಲ. ಯೋಜನೆ ಮುಗಿದ ಮೇಲೂ ರಾತ್ರಿ ಬಾಗಿಲು ತಟ್ಟುವವರು ಇದ್ದೇ ಇರುತ್ತಾರೆ.

ಇಂತಹವರಿಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, 'ಗೌರವಧನ' ಎನ್ನುತ್ತೇವೆ. ಈ ಪದದ ಬಗ್ಗೆ ನನಗೆ ಬಹಳ ದಿನಗಳಿಂದ ಅನುಮಾನವಿದೆ. ಧನ ಕಡಿಮೆಯಾದಾಗಲೆಲ್ಲ ಮುಂದೆ ಗೌರವವನ್ನು ಜೋಡಿಸುವುದು ನಮ್ಮ ರೂಢಿಯಾಗಿಬಿಟ್ಟಿದೆ. ಅಂಗಡಿಯವನು ಗೌರವವನ್ನು ತೂಗಿಕೊಂಡು ಜೋಳ ಕೊಡುವುದಿಲ್ಲ.

ಇಸ್ಲಾಮ್ ಈ ವಿಷಯದಲ್ಲಿ ಮೌನವಾಗಿಲ್ಲ. ಪವಿತ್ರ ಕುರ್‌ಆನಿನ ಅತ್ತೌಬ ಅಧ್ಯಾಯದ 60ನೆಯ ಸೂಕ್ತದಲ್ಲಿ ಝಕಾತ್‌ನ 8 ಹಕ್ಕುದಾರರನ್ನು ಅಲ್ಲಾಹನು ನಿಗದಿಪಡಿಸಿದ್ದಾನೆ. ಬಡವರು ಮತ್ತು ನಿರ್ಗತಿಕರ ನಂತರ, ಮೂರನೆಯ ಸ್ಥಾನದಲ್ಲೇ, ಅದನ್ನು ಸಂಗ್ರಹಿಸಿ ವಿತರಿಸುವ ಕೆಲಸಗಾರರ ಪ್ರಸ್ತಾಪವಿದೆ. ಸಾಲಗಾರರಿಗಿಂತ, ಪ್ರಯಾಣಿಕರಿಗಿಂತ ಮೊದಲು ಅವರನ್ನು ಹೆಸರಿಸಲಾಗಿದೆ. ಇಲ್ಲಿ ಅವರು ಬಡವರಾಗಿರಬೇಕೆಂಬ ಷರತ್ತನ್ನು ಬಹುಪಾಲು ವಿದ್ವಾಂಸರು ಹಾಕಲಿಲ್ಲ. ಅವರು ಪಡೆಯುವುದು ದುಡಿಮೆಯ ಪ್ರತಿಫಲ, ಭಿಕ್ಷೆಯಲ್ಲ. ಅದಕ್ಕೆ ಮಿತಿಯನ್ನೂ ವಿದ್ವಾಂಸರು ಚರ್ಚಿಸಿದ್ದಾರೆ: ಎಂಟನೆಯ ಒಂದು ಪಾಲನ್ನು ಮೀರಬಾರದೆಂಬುದು ಇಮಾಮ್ ಶಾಫಿಈಯವರ ನಿಲುವು, ಹನಫಿ ವಿದ್ವಾಂಸರು ಕೆಲಸಕ್ಕೆ ತಕ್ಕಷ್ಟು, ಆದರೆ ಸಂಗ್ರಹದ ಅರ್ಧವನ್ನು ಮೀರದಂತೆ ಎಂದರು. ಸೊನ್ನೆ ಎಂದು ಯಾರೂ ಹೇಳಲಿಲ್ಲ.

ಖಲೀಫಾ ಉಮರ್(ರ)ರ ಆಡಳಿತದಲ್ಲಿ ಸಾರ್ವಜನಿಕ ಕೆಲಸ ಮಾಡಿದ ಅಬ್ದುಲ್ಲಾ ಬಿನ್ ಸಅದೀ(ರ) ತಮಗೆ ಅನುಕೂಲವಿದೆ, ಸಂಬಳ ಬೇಡವೆಂದರು. ಉಮರ್(ರ) ಅದನ್ನು ಮೆಚ್ಚಲಿಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ತಾವೂ ಹೀಗೆಯೇ ನಿರಾಕರಿಸಿದ್ದನ್ನೂ, ಪ್ರವಾದಿವರ್ಯರು(ಸ) ಅದನ್ನು ಸ್ವೀಕರಿಸುವಂತೆ, ಬೇಕಿದ್ದರೆ ನಂತರ ದಾನ ಮಾಡುವಂತೆ ಹೇಳಿದ್ದನ್ನೂ ನೆನಪಿಸಿದರು. ಹಝ್ರತ್ ಅಬೂಬಕರ್(ರ) ಖಲೀಫರಾದ ಮೇಲೂ ಬಟ್ಟೆಯ ಗಂಟು ಹೊತ್ತು ಮಾರುಕಟ್ಟೆಗೆ ಹೊರಟಾಗ ಸಹಾಬಿಗಳು ತಡೆದು ಬೈತುಲ್ ಮಾಲ್‌ನಿಂದ ವೇತನ ಗೊತ್ತುಮಾಡಿದ ಪ್ರಸಂಗವೂ ಪ್ರಸಿದ್ಧ. ಇದರಲ್ಲಿ ವಿವೇಕವಿದೆ. ಸಂಬಳ ಬೇಡವೆನ್ನುವ ಸೇವೆ ಶ್ರೀಮಂತನಿಗೆ ಮಾತ್ರ ಸಾಧ್ಯ. ಎಲ್ಲರೂ ಪುಕ್ಕಟೆ ದುಡಿಯಬೇಕೆಂದರೆ ಉಗರಗೋಳದ ಬಡ ಮನೆಯ ಹೆಣ್ಣುಮಗಳು ಎಂದಿಗೂ ಕಾರ್ಯಕರ್ತೆಯಾಗಲಾರಳು. ಆಗ ನಮ್ಮ ಸೇವಾ ಸಂಸ್ಥೆಗಳು ಬಿಡುವುಳ್ಳವರ, ಉಳ್ಳವರ ಕೂಟಗಳಾಗಿ ಉಳಿಯುತ್ತವೆ, ಬಡವರ ಮನೆಯ ಒಳಗುಟ್ಟು ಅವರಿಗೆ ತಿಳಿಯುವುದೇ ಇಲ್ಲ.

ತನಗೆ ಒಪ್ಪಿಸಿದ್ದನ್ನು ಪೂರ್ಣವಾಗಿ, ಮನಃಪೂರ್ವಕವಾಗಿ, ಹೇಳಿದವರಿಗೇ ತಲುಪಿಸುವ ವಿಶ್ವಾಸಾರ್ಹ ಖಜಾಂಚಿಯನ್ನೂ ದಾನಿಗಳಲ್ಲೊಬ್ಬನೆಂದು ಪ್ರವಾದಿವರ್ಯರು(ಸ) ಎಣಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಲೆಕ್ಕ ಬರೆಯುವವನನ್ನು ನಾವು 'ಖರ್ಚು' ಎಂಬ ಕಾಲಮಿನಲ್ಲಿ ಬರೆದರೆ, ಪ್ರವಾದಿವರ್ಯರು(ಸ) ಅವನನ್ನು ದಾನಿಗಳ ಕಾಲಮಿನಲ್ಲಿಟ್ಟರು.

ಹಾಗೆಂದು ಕಚೇರಿಯ ಹೆಸರಿನಲ್ಲಿ ಏನು ಮಾಡಿದರೂ ನಡೆಯುತ್ತದೆಯೇ? ಇಲ್ಲ. ಝಕಾತ್ ಸಂಗ್ರಹಿಸಿ ತಂದ ಇಬ್ನು ಲುತ್ಬಿಯ್ಯ ಎಂಬವರು, ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿವರ್ಯರು(ಸ) ಮಿಂಬರ್ ಏರಿ, ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬ ಅರ್ಥದಲ್ಲಿ ಪ್ರಶ್ನಿಸಿದರು. ಸಂಬಳ ಬಹಿರಂಗವಾಗಿರಬೇಕು, ನಿಗದಿತವಾಗಿರಬೇಕು, ಉಳಿದದ್ದರ ಮೇಲೆ ಕೈ ಚಾಚಬಾರದು. ನಮ್ಮಲ್ಲಿ ಕೆಲವೆಡೆ ಚಂದಾ ಎತ್ತುವವರಿಗೆ ಸಂಬಳವಿಲ್ಲ, ಎತ್ತಿದ್ದರಲ್ಲಿ ಶೇಕಡಾವಾರು ಕಮಿಷನ್ ಇದೆ. ವಿದ್ವಾಂಸರು ಇದನ್ನು ಆಕ್ಷೇಪಿಸುತ್ತಲೇ ಬಂದಿದ್ದಾರೆ. ನಿಗದಿತ ಸಂಬಳ ಕೊಡಲು ಹಿಂಜರಿಯುವ ಸಮುದಾಯ ಕಮಿಷನ್ ಕೊಡಲು ಹಿಂಜರಿಯುವುದಿಲ್ಲ, ಏಕೆಂದರೆ ಕಮಿಷನ್ ಕಣ್ಣಿಗೆ ಕಾಣುವುದಿಲ್ಲ.

ಸಿಬ್ಬಂದಿಯ ಬೆಲೆ ತಿಳಿಯಬೇಕಾದರೆ 2019ರ ಆಗಸ್ಟ್ ತಿಂಗಳನ್ನು ನೆನೆಯಬೇಕು. ಮಲಪ್ರಭೆ ಉಕ್ಕಿ ಹರಿದಳು. ಸವದತ್ತಿ ತಾಲೂಕಿನ ಮುನವಳ್ಳಿಯಿಂದ ರಾಮದುರ್ಗದವರೆಗೆ ನೀರು ಮನೆಗಳಿಗೆ ನುಗ್ಗಿತು. ಆ ವರ್ಷದ ಬಕ್ರೀದ್ ಆಗಸ್ಟ್ 12ರಂದು, ನೆರೆಯ ನಡುವೆಯೇ ಬಂತು. ದೂರದೂರದಿಂದ ಲಾರಿಗಳು ಬಂದವು. ಬಟ್ಟೆ, ಬಿಸ್ಕತ್ತು, ನೀರಿನ ಬಾಟಲಿಗಳು ಬಂದವು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ರಸ್ತೆ ಬದಿಯ ಊರಿಗೆ ಮೂರು ಲಾರಿ ಬಂದರೆ ಒಳಗಿನ ಹಳ್ಳಿಗೆ ಒಂದೂ ಬರದಿರುವುದು ಪ್ರತಿ ನೆರೆಯಲ್ಲೂ ಕಾಣುವ ದೃಶ್ಯ. ನಂತರ ನೀರಿಳಿಯುತ್ತದೆ, ಕ್ಯಾಮೆರಾಗಳೂ ಹೋಗುತ್ತವೆ. ನಿಜವಾದ ಕೆಲಸ ಅಲ್ಲಿಂದ ಶುರು.

ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಅದನ್ನು ಪಡೆಯಬೇಕಾದರೆ ಮನೆಯ ಉತಾರ ಬೇಕು, ಆಧಾರ್ ಬೇಕು, ಬ್ಯಾಂಕಿನ ಪಾಸ್‌ಪುಸ್ತಕ ಬೇಕು, ಸಮೀಕ್ಷೆಯವರು ಬಂದಾಗ ಮನೆಯವರು ಎದುರಿರಬೇಕು. ಕಾಗದಗಳು ನೀರಿನಲ್ಲಿ ಹೋಗಿರುತ್ತವೆ. ಉತಾರ ಸತ್ತುಹೋದ ಮಾವನ ಹೆಸರಿನಲ್ಲಿರುತ್ತದೆ. ಅಕ್ಷರ ಬಾರದ ವಿಧವೆಯೊಬ್ಬಳನ್ನು ಕರೆದುಕೊಂಡು ನಾಲ್ಕು ಸಲ ತಾಲೂಕು ಕಚೇರಿಗೆ ಹೋಗಿಬರುವ ಒಬ್ಬ ಕಾರ್ಯಕರ್ತನ ಖರ್ಚೆಷ್ಟು? ಬಸ್ಸಿನ ಚಾರ್ಜು, ಝೆರಾಕ್ಸು, ಎರಡು ಕಪ್ ಚಹಾ, ನಾಲ್ಕು ದಿನದ ಕೂಲಿ. ಲೆಕ್ಕಪತ್ರದಲ್ಲಿ ಇದು 'ಕಚೇರಿ ಖರ್ಚು'. ಆದರೆ ಆ ಖರ್ಚಿನಿಂದ ಒಂದು ಕುಟುಂಬಕ್ಕೆ ಸೂರು ಸಿಗುತ್ತದೆ. ಅದೇ ಹಣದಲ್ಲಿ ಕೊಂಡ ರೇಷನ್ ಕಿಟ್ ಹದಿನೈದು ದಿನದಲ್ಲಿ ತೀರಿರುತ್ತದೆ. ಕಿಟ್‌ನ ಫೋಟೊ ತೆಗೆಯಬಹುದು, ತಹಶೀಲ್ದಾರರ ಕಚೇರಿಯ ಬೆಂಚಿನ ಮೇಲೆ ಕಾಯುವುದನ್ನು ಯಾರು ಫೋಟೊ ತೆಗೆಯುತ್ತಾರೆ?

ಈ ಸಣ್ಣ ಕಚೇರಿಗಳಿಗೆ ಇನ್ನೊಂದು ಪೆಟ್ಟು ಬಿದ್ದಿದೆ. ವಿದೇಶಿ ಕೊಡುಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಯಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಹೊರದೇಶದ ಹಣವೆಲ್ಲ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಾಯಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವುದು ನಿಷಿದ್ಧವಾಯಿತು. ದುರುಪಯೋಗವನ್ನು ತಡೆಯಬೇಕೆಂಬ ಮಾತಿನಲ್ಲಿ ತಪ್ಪಿಲ್ಲ. ವಿದೇಶಿ ಹಣದಲ್ಲಿ ಕಾರು, ಬಂಗಲೆ ಮಾಡಿಕೊಂಡವರಿದ್ದರೆ ಅವರನ್ನು ಹಿಡಿಯಲಿ. ಆದರೆ ಹೊಡೆತ ಬಿದ್ದದ್ದು ತಾಲೂಕಿನ ಸಣ್ಣ ಸಂಸ್ಥೆಗೆ. ಬೆಂಗಳೂರು ಅಥವಾ ದೆಹಲಿಯ ದೊಡ್ಡ ಸಂಸ್ಥೆಯಿಂದ ಸವದತ್ತಿಯಂತಹ ಊರಿಗೆ ಹಣ ಇಳಿದು ಬರುತ್ತಿದ್ದ ದಾರಿಯೇ ಮುಚ್ಚಿತು. ವೈದ್ಯರ, ಶಿಕ್ಷಕರ ಸಂಬಳ ಆಡಳಿತ ವೆಚ್ಚದಲ್ಲಿ ಸೇರುವುದಿಲ್ಲ, ಗುಮಾಸ್ತನ, ಲೆಕ್ಕಿಗನ ಸಂಬಳ ಸೇರುತ್ತದೆ. ಸರ್ಕಾರ ಕೇಳುವ ಲೆಕ್ಕ ಹೆಚ್ಚಾಯಿತು, ಲೆಕ್ಕ ಬರೆಯುವವನಿಗೆ ಕೊಡುವ ಹಣಕ್ಕೆ ಕತ್ತರಿ ಬಿತ್ತು.

ಹೊರಜಗತ್ತಿನಲ್ಲೂ ಸ್ಥಳೀಯ ಸಿಬ್ಬಂದಿಯ ಪಾಡು ಬೇರೆಯಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಮಾನವೀಯ ನೆರವಿನ ಶೃಂಗಸಭೆಯ ವೇಳೆ ದೊಡ್ಡ ದೇಶಗಳು ಮತ್ತು ಸಂಸ್ಥೆಗಳು, 2020ರೊಳಗೆ ನೆರವಿನ ಶೇ. 25ರಷ್ಟನ್ನು ಆಯಾ ದೇಶದ ಸ್ಥಳೀಯರ ಕೈಗೆ ತಲುಪಿಸುವುದಾಗಿ ಮಾತು ಕೊಟ್ಟವು. ಆ ಮಾತು ಈಡೇರಲಿಲ್ಲ. ಆದರೆ ಪ್ರಾಣ ಕೊಡುವಾಗ ಸ್ಥಳೀಯರೇ ಮುಂದೆ. 2024ರಲ್ಲಿ ಜಗತ್ತಿನಾದ್ಯಂತ 383 ನೆರವು ಕಾರ್ಯಕರ್ತರು ಹತರಾದರೆಂದು ವಿಶ್ವಸಂಸ್ಥೆ ಹೇಳಿದೆ. ಅವರಲ್ಲಿ ಬಹುತೇಕರು ತಮ್ಮದೇ ಊರಿನವರಿಗೆ ಸೇವೆ ಸಲ್ಲಿಸುತ್ತಿದ್ದವರು, ಅರ್ಧದಷ್ಟು ಮಂದಿ ಗಾಝಾದಲ್ಲಿ ಮಡಿದವರು. ಆ ವರ್ಷದ ಎಪ್ರಿಲ್ 1ರಂದು ಗಾಝಾದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್‌ನ 7 ಮಂದಿ ಇಸ್ರೇಲಿ ದಾಳಿಗೆ ಬಲಿಯಾದಾಗ ಜಗತ್ತೇ ಬೆಚ್ಚಿತು. 6 ಮಂದಿ ಹೊರದೇಶಗಳವರು. ಏಳನೆಯವನು ಗಾಝಾದವನೇ ಆದ ಚಾಲಕ. ಅದಕ್ಕೆ ಮುಂಚೆ ಅವನಂತಹ ನೂರಾರು ಮಂದಿ ಸತ್ತಿದ್ದಾಗ ಜಗತ್ತು ಅಷ್ಟೊಂದು ಬೆಚ್ಚಿರಲಿಲ್ಲ.

ಗಾಝಾಕ್ಕಾಗಿ ಕಣ್ಣೀರಿಡುವ ನಾವು ನಮ್ಮ ಮೊಹಲ್ಲಾದ ಕೆಲಸಗಾರನ ಕಡೆಗೂ ಒಮ್ಮೆ ನೋಡಬೇಕು. ಮಸೀದಿಯ ನೆಲಕ್ಕೆ ಮಾರ್ಬಲ್ ಹಾಸಲು ಒಂದು ಜುಮಾದಲ್ಲಿ ಹಣ ಕೂಡುತ್ತದೆ. ಮುಅಝ್ಝಿನ್‌ರ ಸಂಬಳ ಐದುನೂರು ಹೆಚ್ಚಿಸಲು ಮೂರು ಸಭೆ ಬೇಕು. ಸೇವಾ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಯುವಕ ಯುವತಿಯರು ಮದುವೆಯ ವಯಸ್ಸಿಗೆ ಬರುತ್ತಿದ್ದಂತೆ ಕೆಲಸ ಬಿಡುತ್ತಾರೆ. ಬಿಡುವುದು ಸೇವಾ ಮನೋಭಾವ ಕಡಿಮೆಯಾಗಿದ್ದಕ್ಕಲ್ಲ, ಹುಡುಗಿಯ ಮನೆಯವರು ಸಂಬಳ ಎಷ್ಟೆಂದು ಕೇಳಿದಾಗ ಹೇಳಲು ಉತ್ತರವಿಲ್ಲದ್ದಕ್ಕೆ. ಅವರ ಜೊತೆಗೆ ಐದಾರು ವರ್ಷಗಳಲ್ಲಿ ಗಳಿಸಿದ ತಿಳಿವಳಿಕೆ, ತಾಲೂಕು ಕಚೇರಿಯ ಪರಿಚಯ, ಬಡವರ ವಿಶ್ವಾಸ ಎಲ್ಲವೂ ಹೊರಟುಹೋಗುತ್ತದೆ. ಮತ್ತೊಬ್ಬ ಹೊಸಬ ಮೊದಲಿನಿಂದ ಶುರು ಮಾಡುತ್ತಾನೆ.

ಖಾಸಗಿ ಸಂಸ್ಥೆಯ ನೌಕರರು ಝಕಾತ್‌ನ 'ಆಮಿಲ್' ವರ್ಗಕ್ಕೆ ಸೇರುತ್ತಾರೆಯೇ ಎಂಬ ಬಗ್ಗೆ ಭಾರತದ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಇಸ್ಲಾಮೀ ಸರ್ಕಾರ ನೇಮಿಸಿದವರಿಗೆ ಮಾತ್ರ ಅದು ಅನ್ವಯವೆಂದು ಅನೇಕರು ಹೇಳುತ್ತಾರೆ. ಆ ಅಭಿಪ್ರಾಯವನ್ನು ಗೌರವಿಸೋಣ, ಫತ್ವಾ ನೀಡುವುದು ಈ ಬರಹದ ಕೆಲಸವಲ್ಲ. ಝಕಾತ್‌ನಿಂದ ಕೊಡಲಾಗದಿದ್ದರೆ ಸದಕಾದಿಂದ ಕೊಡಲು ಅಡ್ಡಿಯೇನಿದೆ? ದಾನಿಯೊಬ್ಬರು ತಮ್ಮ ಝಕಾತ್‌ನ್ನು ಬಡವರಿಗೆಂದೂ, ಅದರ ಜೊತೆಗೆ ಸ್ವಲ್ಪ ಸದಕಾವನ್ನು ಅದನ್ನು ತಲುಪಿಸುವವನ ಸಂಬಳಕ್ಕೆಂದೂ ಬೇರೆಯಾಗಿ ಬರೆಸಬಹುದು. ರಶೀದಿ ಪುಸ್ತಕದಲ್ಲಿ ಅದಕ್ಕೊಂದು ಸಾಲು ಇರಬೇಕು, ಅಷ್ಟೇ.

ಶಅಬಾನ್ ತಿಂಗಳಲ್ಲಿ ನಮ್ಮ ಕಮಿಟಿಗಳು ಕಿಟ್‌ಗಳ ಅಂದಾಜು ಪಟ್ಟಿ ಮಾಡಲು ಕೂರುತ್ತವೆ. ಅಕ್ಕಿ, ಬೇಳೆ, ಎಣ್ಣೆ, ಖರ್ಜೂರ, ಚೀಲದ ಮೇಲೆ ಅಚ್ಚು ಹಾಕಿಸುವ ಖರ್ಚು ಸಹ ಅದರಲ್ಲಿರುತ್ತದೆ. ಈ ಸಲ ಆ ಪಟ್ಟಿಯ ಕೆಳಗೆ ಇನ್ನೊಂದು ಸಾಲನ್ನು ಸೇರಿಸಲು ಯಾರಾದರೂ ಹೇಳಬೇಕು: ಹನ್ನೆರಡು ತಿಂಗಳ ಸಂಬಳ, ಒಬ್ಬ ಕಾರ್ಯಕರ್ತನಿಗೆ ಮತ್ತು ಒಬ್ಬ ಕಾರ್ಯಕರ್ತೆಗೆ. ಆಕ್ಷೇಪ ಬಂದೇ ಬರುತ್ತದೆ. ಆಕ್ಷೇಪಿಸಿದವರನ್ನು, ಕಳೆದ ವರ್ಷದ ವಿಧವೆಯರ ಪಟ್ಟಿಯನ್ನು ಬರೆದವರು ಯಾರು, ಅವರು ಈಗ ಎಲ್ಲಿದ್ದಾರೆ ಎಂದು ಕೇಳಿ ನೋಡಿ.