ವಿಜ್ಞಾನದ ನೋಟುಬುಕ್ಕಿನಲ್ಲಿ ಕಂಡದ್ದನ್ನೇ ಬರೆಯೋಣ



ನಾವೆಲ್ಲರೂ ವಿಜ್ಞಾನಕ್ಕೆ ಒಂದೊಂದು ನೋಟುಬುಕ್ಕು ಇಟ್ಟಿದ್ದೇವೆ. ರಟ್ಟು ಹಾಕಿ, ಲೇಬಲ್ ಅಂಟಿಸಿ, ಮಾರ್ಜಿನ್ ಎಳೆದು ಚೆನ್ನಾಗಿಯೇ ಇಟ್ಟಿದ್ದೇವೆ. ಆದರೆ ಅದರೊಳಗೆ ಏನಿದೆ? ಬೋರ್ಡಿನ ಮೇಲಿದ್ದದ್ದು ಇದೆ, ಗೈಡಿನಲ್ಲಿದ್ದದ್ದು ಇದೆ. ನಮ್ಮ ಕಣ್ಣಿಗೆ ಕಂಡದ್ದು ಮಾತ್ರ ಇಲ್ಲ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ನೀರು ಕುದಿಸುವ ಪ್ರಯೋಗವನ್ನೇ ನೋಡಿ. ಪುಸ್ತಕದಲ್ಲಿ 100 ಡಿಗ್ರಿ ಸೆಲ್ಸಿಯಸ್ ಅಂತ ಇದೆ. ನಮ್ಮ ತರಗತಿಯಲ್ಲಿ ನೀರು ಕೊತಕೊತ ಕುದಿಯುತ್ತಿದ್ದರೂ ಥರ್ಮಾಮೀಟರು 97ರ ಹತ್ತಿರವೇ ನಿಂತಿತು. ಆದರೂ ಬಹಳ ಜನ 100 ಅಂತಲೇ ಬರೆದುಕೊಂಡರು. "ಅದು ಹಳೇ ಥರ್ಮಾಮೀಟರು ಕಣೇ" ಅಂದರು.

ಥರ್ಮಾಮೀಟರಿನ ಮೇಲೆ ಯಾಕೆ ತಪ್ಪು ಹೊರಿಸಬೇಕು? 100 ಡಿಗ್ರಿ ಎಂಬುದು ಸಮುದ್ರ ಮಟ್ಟದ ಲೆಕ್ಕ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆಗ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ 1 ಡಿಗ್ರಿ ಇಳಿಯುತ್ತದೆ. ಮಂಗಳೂರು ಕಡಲ ತೀರದಲ್ಲಿದೆ, ಅಲ್ಲಿ 100ರ ಹತ್ತಿರ ಬರುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ 97ರ ಹತ್ತಿರ. ನಮ್ಮೂರೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. 97 ಅಂತ ಬರೆದವರಿಗೆ ಮಾತ್ರ "ಯಾಕೆ ಹೀಗೆ?" ಎಂಬ ಪ್ರಶ್ನೆ ಹುಟ್ಟುತ್ತದೆ. 100 ಅಂತ ಬರೆದವರ ಪ್ರಶ್ನೆ ಅಲ್ಲೇ ಸತ್ತುಹೋಯಿತು.

ಗೆಲಿಲಿಯೋ 1610ನೇ ಇಸವಿ ಜನವರಿ 7ರ ರಾತ್ರಿ ದೂರದರ್ಶಕದಲ್ಲಿ ಗುರುಗ್ರಹದ ಪಕ್ಕ 3 ಚುಕ್ಕಿಗಳನ್ನು ಕಂಡರು. ಯಾವ ಕಡೆ ಎಷ್ಟಿವೆ ಎಂದು ಬರೆದಿಟ್ಟರು. ಮರುದಿನ ನೋಡಿದರೆ ಜಾಗ ಬದಲಾಗಿತ್ತು. 13ನೇ ತಾರೀಖು 4 ಕಂಡವು. ಅವು ಗುರುಗ್ರಹವನ್ನು ಸುತ್ತುವ ಚಂದ್ರರು. ಆಗಿನ ಪುಸ್ತಕಗಳು ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎನ್ನುತ್ತಿದ್ದವು. ಗೆಲಿಲಿಯೋ ಆ ಪುಸ್ತಕ ನೋಡಿ ಬರೆದಿದ್ದರೆ ಏನಾಗುತ್ತಿತ್ತು?

"ಪರೀಕ್ಷೇಲಿ 97 ಅಂತ ಬರೆದರೆ ಮಾರ್ಕ್ಸ್ ಹೋಗುತ್ತಲ್ಲ" ಅಂತ ಕೆಲವರು ಕೇಳಬಹುದು. ಪರೀಕ್ಷೆಯಲ್ಲಿ "ಸಮುದ್ರ ಮಟ್ಟದಲ್ಲಿ 100" ಎಂದೇ ಬರೆಯೋಣ, ಅದೂ ಸತ್ಯವೇ. ಆದರೆ ನೋಟುಬುಕ್ಕು ಉತ್ತರಪತ್ರಿಕೆ ಅಲ್ಲ.

ಗೆಳೆಯರೇ, ತಾರೀಖು ಹಾಕಿ. ಏನು ಮಾಡಿದಿರಿ, ಏನು ಕಂಡಿರಿ ಬರೆಯಿರಿ. ಹೆಸರುಕಾಳು ಮೊಳಕೆ ಬರದಿದ್ದರೆ ಬರಲಿಲ್ಲ ಅಂತಲೇ ಬರೆಯಿರಿ, ಪಕ್ಕದವರದ್ದು ಕಾಪಿ ಹೊಡೆಯಬೇಡಿ. ತಪ್ಪಾದರೆ ಒಂದು ಗೆರೆ ಎಳೆಯಿರಿ, ಹಾಳೆ ಹರಿಯಬೇಡಿ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ಉತ್ತರ ಪುಸ್ತಕಕ್ಕೆ ಹೊಂದದಿದ್ದರೆ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕುವ ಬದಲು "ಯಾಕೆ?" ಅಂತ ಬರೆಯಿರಿ. ನಾವು ಹುಡುಕುತ್ತೇವೆ.

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ಗಾದೆ ಇದೆ. ವಿಜ್ಞಾನದ ಪೀರಿಯಡ್ಡಿನಲ್ಲಾದರೂ ಆ ಗಾದೆ ಸುಳ್ಳಾಗಲಿ. ನೀವೇನಂತೀರಿ?

– 7ನೇ ತರಗತಿಯ ವಿದ್ಯಾರ್ಥಿನಿ